ಡೈವೋರ್ಸ್ ಆದಮೇಲೆ ಮಕ್ಕಳ ಖರ್ಚಿಗೆ ಎಷ್ಟು? ಹೊಸ ನಿಯಮ ಗೊತ್ತಿದ್ದವರು ಹೇಳಿ (ಕಲಬುರಗಿ, ಬೀದರ್, ಯಾದಗಿರಿ)

ಆಳಂದದ ಅಕ್ಕ

ಎಲ್ಲರಿಗೂ ಶರಣು. ತಂಗಿಯ ಸಲುವಾಗಿ ಕೇಳುತ್ತಿದ್ದೇನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಅವಳಿಗೆ ಇಬ್ಬರು ಮಕ್ಕಳು. ಮಗಳು ಏಳನೇ ಕ್ಲಾಸ್, ಮಗ ಒಂದನೇ ಕ್ಲಾಸ್. ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದು ಬಹಳ ದಿನ ಆಯಿತು. ಗಂಡ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟ್ ಮೇಲೆ ಸೂಪರ್‌ವೈಸರ್. ಊರಲ್ಲಿ ಹೊಲವೂ ಇದೆ, ಆದರೆ ಪಹಣಿ ಅವರ ಅಪ್ಪನ ಹೆಸರಲ್ಲಿದೆ. ಇಬ್ಬರೂ ಒಪ್ಪಿ ಡೈವೋರ್ಸ್ ತೆಗೆದುಕೊಳ್ಳುವ ಮಾತು ನಡೆದಿದೆ. ಹಿರಿಯರು ಕೂತು, "ಒಂದೇ ಸಲ ಮೂರು ಲಕ್ಷ ತಗೊಂಡು ಮುಗಿಸಿಬಿಡು. ಮಕ್ಕಳಿಗೆ ಮುಂದೆ ಏನೂ ಕೇಳೋದಿಲ್ಲ ಅಂತ ಬರೆದುಕೊಡು" ಎನ್ನುತ್ತಿದ್ದಾರೆ.

ಜೀವನಾಂಶ ಕೇಳುವ ಹಳೆಯ 125 ಕೇಸು ಈಗ ಬಂದ್ ಆಗಿದೆ, ಹೊಸ ಕಾನೂನು ಬಂದಿದೆ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಸಂಬಳದಲ್ಲಿ ಶೇಕಡಾ 25 ಸಿಕ್ಕೇ ಸಿಗುತ್ತದೆ ಅಂದರು. ಯಾವುದು ನಿಜ? ಒಂದು ಮಗುವಿಗೆ ಇಷ್ಟು, ಇಬ್ಬರಿಗೆ ಇಷ್ಟು ಅಂತ ಸರ್ಕಾರದ್ದೇನಾದರೂ ರೇಟು ಇದೆಯಾ?

ಸೇಡಂ ರೋಡ್

ಶೇಕಡಾ 25 ಅಂತಲೇ ನಾನೂ ಕೇಳಿದ್ದೇನೆ ಅಕ್ಕಾರೆ. ನಮ್ಮ ಗೆಳೆಯನಿಗೆ ಹಾಗೇ ಹಾಕಿದರು. ಸಂಬಳ ನಲವತ್ತು ಸಾವಿರ ಇದ್ದರೆ ಹತ್ತು ಸಾವಿರ. ಸೀದಾ ಲೆಕ್ಕ.

ಕೋರ್ಟ್ ರಸ್ತೆ

ಕಾನೂನು ಸೇವೆಯಲ್ಲಿ ಸ್ವಯಂಸೇವಕನಾಗಿ ಬಹಳ ವರ್ಷದಿಂದ ಓಡಾಡುತ್ತಿದ್ದೇನೆ. ವಕೀಲ ಅಲ್ಲ. ಆದರೆ ಈ ಕೇಸುಗಳು ಹೇಗೆ ನಡೆಯುತ್ತವೆ ಅಂತ ದಿನಾ ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು 125. ಅದು ಬಂದ್ ಆಗಿಲ್ಲ, ನಂಬರ್ ಬದಲಾಗಿದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಹಳೆಯದರ 125ನೇ ಕಲಂ ಈಗ ಹೊಸದರ 144ನೇ ಕಲಂ. ಹಕ್ಕು ಹಾಗೇ ಇದೆ. ಹೆಂಡತಿ, ಮಕ್ಕಳು, ವಯಸ್ಸಾದ ತಂದೆ ತಾಯಿ ಮೂರೂ ಜನ ಕೇಳಬಹುದು. ಹಿಂದೆ ಇದರಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಹಾಕುವ ಹಾಗೇ ಇರಲಿಲ್ಲ. 2001ರಲ್ಲಿ ಆ ಮಿತಿ ತೆಗೆದರು.

ಈಗ ರೇಟು. ನಮ್ಮ ದೇಶದಲ್ಲಿ ಅಂಥ ಪಟ್ಟಿ ಇಲ್ಲ. ಶೇಕಡಾ 25 ಅನ್ನೋದು ಎಲ್ಲಿಂದ ಬಂತು ಅಂದರೆ, 2017ರಲ್ಲಿ ಕಲ್ಯಾಣ್ ಡೇ ಚೌಧರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಗಂಡನ ಕೈಗೆ ಬರುವ ಸಂಬಳದ ಶೇಕಡಾ 25 ಸರಿಯಾದ ಮೊತ್ತ ಆಗಬಹುದು ಎಂದು ಹೇಳಿತು. ಅದೇ ಕೇಸಿನಲ್ಲಿ ಹೈಕೋರ್ಟ್ ಹಾಕಿದ್ದ 23,000 ರೂಪಾಯಿಯನ್ನು 20,000ಕ್ಕೆ ಇಳಿಸಿತು. ಗಂಡ ಇನ್ನೊಂದು ಮದುವೆಯಾಗಿ ಆ ಸಂಸಾರವನ್ನೂ ನೋಡಬೇಕಾಗಿತ್ತು. ಅಂದರೆ ಆ ಕೇಸಿನಲ್ಲೇ ಸೀದಾ ಲೆಕ್ಕ ನಡೆಯಲಿಲ್ಲ. ಸೇಡಂ ರೋಡ್ ಅಣ್ಣಾರೆ, ನಿಮ್ಮ ಗೆಳೆಯನಿಗೆ ಅಷ್ಟು ಬಿದ್ದಿರಬಹುದು. ಪಕ್ಕದ ಕೋರ್ಟ್ ಹಾಲ್‌ನಲ್ಲಿ ಅಷ್ಟೇ ಸಂಬಳದವನಿಗೆ ಜಾಸ್ತಿಯೂ ಬೀಳುತ್ತದೆ, ಕಮ್ಮಿಯೂ ಬೀಳುತ್ತದೆ.

ಈಗ ಎಲ್ಲ ಕೋರ್ಟುಗಳೂ ಹಿಡಿದು ನಡೆಯಬೇಕಾದ ಮಾರ್ಗಸೂಚಿ ಅಂದರೆ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಕೊಟ್ಟ ತೀರ್ಪು. ಕೆಳಗಿನ ಕೋರ್ಟುಗಳು ಇದನ್ನು ಸರಿಯಾಗಿ ಪಾಲಿಸುತ್ತಿಲ್ಲ ಅಂತ 2023ರ ನವೆಂಬರ್‌ನಲ್ಲಿ ಅದಿತಿ ಅನ್ನುವ ಮಗುವಿನ ಕೇಸಿನಲ್ಲಿ ಮತ್ತೆ ನೆನಪಿಸಿತು. ತಂಗಿಗೆ ಬೇಕಾದದ್ದು ಬಹುಪಾಲು ಇದರಲ್ಲೇ ಇದೆ.

ಅದರಲ್ಲಿ ದೊಡ್ಡದು ಅಫಿಡವಿಟ್. ಕೇಳುವವರೂ ಕೊಡುವವರೂ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಅರ್ಜಿಯ ಜೊತೆ ನಮ್ಮದು ಹೋಗಬೇಕು. ಎದುರಿನವರಿಗೆ ಹೆಚ್ಚೆಂದರೆ ನಾಲ್ಕು ವಾರ. ಅದಾದ ಮೇಲೆ ಎರಡಕ್ಕಿಂತ ಜಾಸ್ತಿ ಅವಕಾಶ ಕೊಡಬಾರದು. ಎರಡೂ ಕಡೆಯ ಅಫಿಡವಿಟ್ ಬಂದಮೇಲೆ ನಾಲ್ಕರಿಂದ ಆರು ತಿಂಗಳೊಳಗೆ ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವವರೆಗೆ ಕೊಡುವ ಹಣದ, ಆದೇಶ ಆಗಬೇಕು. ಸುಳ್ಳು ಬರೆದರೆ ಅದಕ್ಕೆ ಬೇರೆ ಕೇಸು ಆಗಬಹುದು.

ಇನ್ನೊಂದು, ಹಣ ಅರ್ಜಿ ಹಾಕಿದ ತಾರೀಖಿನಿಂದ ಲೆಕ್ಕ. ಹಿಂದೆ ಕೆಲವು ಕೋರ್ಟುಗಳು ಆದೇಶದ ದಿನದಿಂದ ಕೊಡುತ್ತಿದ್ದವು. ಕೇಸು ಎಳೆದಷ್ಟೂ ಕೊಡುವವನಿಗೆ ಲಾಭ. ಈಗ ಹಾಗಿಲ್ಲ. ಅದಕ್ಕೇ ಮಾತುಕತೆ ಮುಗಿಯಲಿ ಅಂತ ವರ್ಷಗಟ್ಟಲೆ ಸುಮ್ನೆ ಕೂರಬೇಡಿ. ಅರ್ಜಿ ಹಾಕಿ. ಮಾತುಕತೆ ಅದರ ಪಾಡಿಗೆ ನಡೆಯಲಿ.

ಸೇಡಂ ರೋಡ್

ಸರ್, ಇದು ಗೊತ್ತಿರಲಿಲ್ಲ. ಹಾಗಾದರೆ ಜಡ್ಜ್ ಸಾಹೇಬರು ಯಾವ ಆಧಾರದ ಮೇಲೆ ಹಾಕುತ್ತಾರೆ?

ಕೋರ್ಟ್ ರಸ್ತೆ

ಗಂಡನ ಆದಾಯ, ಹೆಂಡತಿಯ ಆದಾಯ, ಒಟ್ಟಿಗೆ ಇದ್ದಾಗ ಹೇಗೆ ಬಾಳುತ್ತಿದ್ದರು, ಮಕ್ಕಳು ಎಷ್ಟು ಜನ, ಯಾವ ಶಾಲೆ, ಕಾಯಿಲೆ ಕಸಾಲೆ ಏನಾದರೂ ಇದೆಯಾ, ಕೊಡುವವನ ಮೇಲೆ ಬೇರೆ ಯಾರು ಅವಲಂಬಿಸಿದ್ದಾರೆ. ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡುತ್ತಾರೆ. ಮಗುವಿನ ಖರ್ಚು ಅಂದರೆ ಊಟ, ಬಟ್ಟೆ, ಇರಲು ಮನೆ, ಔಷಧಿ, ಓದು. ಟ್ಯೂಷನ್, ಕೋಚಿಂಗ್ ಕೂಡ ಸೇರುತ್ತದೆ ಅಂತ ತೀರ್ಪಿನಲ್ಲೇ ಇದೆ. ಓದಿನ ಖರ್ಚು ಸಾಮಾನ್ಯವಾಗಿ ತಂದೆಯದು. ತಾಯಿಗೂ ಚೆನ್ನಾಗಿ ಸಂಬಳ ಬರುತ್ತಿದ್ದರೆ ಆದಾಯಕ್ಕೆ ತಕ್ಕಂತೆ ಹಂಚಬಹುದು.

ಮಕ್ಕಳಿಗೆ ಬೇರೆ ಮೊತ್ತ ಕೇಳಿ. ಇದನ್ನು ಮರೆಯಬೇಡಿ. "ಹೆಂಡತಿ ಮಕ್ಕಳಿಗೆ ಸೇರಿ ಇಷ್ಟು" ಅಂತ ಒಂದೇ ಗಂಟು ಮಾಡಬಾರದು. ನೇಹಾ ಕೇಸಿನಲ್ಲೂ ತಾಯಿಗೆ 15,000, ಮಗನಿಗೆ ಬೇರೆಯಾಗಿ ಮೊದಲು 5,000, ಆಮೇಲೆ 10,000 ಅಂತ ಇತ್ತು. ನಾಳೆ ತಾಯಿಗೆ ನೌಕರಿ ಸಿಕ್ಕಿತು, ಇಲ್ಲವೇ ಮರುಮದುವೆ ಆಯಿತು ಅಂತ ಅವಳದು ನಿಂತರೂ ಮಕ್ಕಳದು ನಿಲ್ಲಬಾರದು.

ಬೀದರ್ ಟೀಚರ್

ಮೇಲೆ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಅನುಭವ ಹೇಳುತ್ತೇನೆ, ಅಕ್ಕಾರಿಗೆ ಉಪಯೋಗ ಆಗಬಹುದು.

ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಮಗನಿಗೆ ಹತ್ತು ವರ್ಷ, ದಮ್ಮು ಇದೆ. ನಮ್ಮ ಮೊದಲ ವಕೀಲರು ಅರ್ಜಿಯಲ್ಲಿ "ಮಗುವಿನ ಖರ್ಚು ತಿಂಗಳಿಗೆ 15,000" ಅಂತ ಒಂದೇ ಸಾಲು ಬರೆದಿದ್ದರು. ಎದುರಿನ ವಕೀಲರು ಎದ್ದು, "ಇಷ್ಟು ಸಣ್ಣ ಹುಡುಗ ಏನು ತಿಂತಾನೆ ಹದಿನೈದು ಸಾವಿರದ್ದು?" ಅಂತ ಕೇಳಿದರು. ನಮ್ಮ ಕಡೆ ಉತ್ತರ ಇರಲಿಲ್ಲ. ಹಾಲ್‌ನಲ್ಲಿ ನಾಲ್ಕು ಜನ ನಕ್ಕರು. ಆ ನಗು ನನಗೆ ಇನ್ನೂ ಕಿವಿಯಲ್ಲಿದೆ.

ಆಮೇಲೆ ಬೇರೆ ವಕೀಲರು ಸಿಕ್ಕರು. ಅವರು ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, ಎರಡು ತಿಂಗಳು ಮಗನ ಖರ್ಚು ಮಾತ್ರ ಬರೆ ಅಂದರು. ಬರೆದೆ. ಶಾಲೆ ಫೀ ಹನ್ನೆರಡಕ್ಕೆ ಭಾಗಿಸಿ ಒಂದು ತಿಂಗಳದ್ದು. ಶಾಲೆ ಆಟೊ 900. ಇನ್‌ಹೇಲರ್ ಮತ್ತು ಮಾತ್ರೆ 640, ಮೆಡಿಕಲ್ ಶಾಪಿನ ಬಿಲ್ ಸಮೇತ. ಚಳಿಗಾಲದಲ್ಲಿ ನೆಬ್ಯುಲೈಸೇಷನ್‌ಗೆ ಆಸ್ಪತ್ರೆಗೆ ಹೋದ ಚೀಟಿ. ಹಾಲು ದಿನಕ್ಕೆ ಅರ್ಧ ಲೀಟರ್. ಗಣಿತದ ಟ್ಯೂಷನ್ 700. ವರ್ಷಕ್ಕೆ ಎರಡು ಜೊತೆ ಯೂನಿಫಾರ್ಮ್, ಒಂದು ಜೊತೆ ಬೂಟು. ಮನೆ ಬಾಡಿಗೆಯಲ್ಲಿ ಅವನ ಪಾಲು. ಕಟಿಂಗ್‌ಗೆ 80 ರೂಪಾಯಿ ಕೂಡ ಬರೆದೆ. ಬಿಲ್ ಇರುವುದಕ್ಕೆ ಬಿಲ್ ಅಂಟಿಸಿದೆ. ಫೋನ್‌ನಲ್ಲಿ ಕಳಿಸಿದ ದುಡ್ಡಿಗೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಗೆರೆ ಎಳೆದೆ.

ಎಲ್ಲ ಕೂಡಿಸಿದರೆ 11,000 ಚಿಲ್ಲರೆ ಬಂತು. ಹದಿನೈದು ಬರಲಿಲ್ಲ. ಅದನ್ನೇ ಅಫಿಡವಿಟ್‌ನಲ್ಲಿ ಹಾಕಿದೆವು. ಈ ಸಲ ಎದುರಿನವರು ಒಂದೊಂದು ಸಾಲಿಗೂ ಉತ್ತರ ಕೊಡಬೇಕಾಯಿತು. ನೋಟ್‌ಬುಕ್ ನೋಡಿದ ಮೇಲೆ ಜಡ್ಜ್ ಮೇಡಂ ಕೇಳಿದ್ದು ದಮ್ಮಿನ ಬಗ್ಗೆ ಮಾತ್ರ.

ನನಗೂ ಸಂಬಳ ಇದೆ, ಅದನ್ನು ಮುಚ್ಚಿಡಲಿಲ್ಲ. ಅವರದು ನನ್ನದಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು. ಕೋರ್ಟ್ ಅದೇ ಅಂದಾಜಿನಲ್ಲಿ ಹಂಚಿತು. ನನ್ನ ಪಾಲು ನಾನು ಹಾಕುತ್ತೇನೆ, ಅದರಲ್ಲಿ ನನಗೆ ಬೇಜಾರಿಲ್ಲ.

ಕೋರ್ಟ್ ರಸ್ತೆ

ಮೇಡಂ, ಆ ನೋಟ್‌ಬುಕ್‌ನ ಫೋಟೊ ತೆಗೆದು ಎಲ್ಲ ತಾಯಂದಿರಿಗೂ ತೋರಿಸಬೇಕು ಅನಿಸುತ್ತದೆ. ಇಷ್ಟು ವರ್ಷ ನೋಡಿದ್ದರಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ: ಕಾನೂನು ಗೊತ್ತಿಲ್ಲದೆ ಸೋತವರಿಗಿಂತ ಖರ್ಚಿನ ಕಾಗದ ಇಲ್ಲದೆ ಕಮ್ಮಿ ಪಡೆದವರೇ ಜಾಸ್ತಿ. ಕೋರ್ಟ್ ಊಹಿಸಿ ಹಾಕುವ ಮೊತ್ತ ಯಾವಾಗಲೂ ಕಮ್ಮಿಯೇ.

ಸಂಬಳಕ್ಕೆ ತಕ್ಕಂತೆ ಹಂಚುವುದು ಹಳೆಯ ಮಾತು. 2000ದಲ್ಲಿ ಪದ್ಮಜಾ ಶರ್ಮಾ ಕೇಸಿನಲ್ಲಿ ತಂದೆ ತಾಯಿ ಇಬ್ಬರಿಗೂ ನೌಕರಿ ಇತ್ತು. ತಂದೆಯ ಸಂಬಳ ಜಾಸ್ತಿ ಇದ್ದದ್ದರಿಂದ ಮಕ್ಕಳ ಖರ್ಚನ್ನು 2:1ರ ಹಾಗೆ ಇಬ್ಬರ ಮೇಲೂ ಹಾಕಿತು ಸುಪ್ರೀಂ ಕೋರ್ಟ್.

ತೊಗರಿ ಹೊಲ

ಚಿತ್ತಾಪುರ ತಾಲೂಕಿನವನು. ಹೊಲದ ವಿಷಯ ಯಾರೂ ಮಾತಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಅರ್ಧಕ್ಕರ್ಧ ಕೇಸುಗಳಲ್ಲಿ ಇದೇ ಆಗುತ್ತದೆ. ಗಂಡ ಕೋರ್ಟಿಗೆ ಬಂದು "ನನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ, ನಾನು ಕೂಲಿ" ಅನ್ನುತ್ತಾನೆ. ಪಹಣಿ ಅಪ್ಪನ ಹೆಸರಲ್ಲಿ, ಇಲ್ಲವೇ ತೀರಿಹೋದ ಅಜ್ಜನ ಹೆಸರಲ್ಲಿ. ಉಳುಮೆ ಮಾತ್ರ ಇವನದೇ. ತೊಗರಿ ಮಾರಿದ ದುಡ್ಡು ಇವನ ಕೈಗೇ.

ನನ್ನ ಅಕ್ಕನ ಮಗಳ ಕೇಸಿನಲ್ಲಿ ನಾವು ಏನು ಮಾಡಿದೆವು ಅಂದರೆ, ಭೂಮಿ ಪೋರ್ಟಲ್‌ನಲ್ಲಿ ಎಲ್ಲ ಸರ್ವೆ ನಂಬರಿನ ಪಹಣಿ ತೆಗೆಸಿದೆವು. ಅಡತಿ ಅಂಗಡಿಯಲ್ಲಿ ತೊಗರಿ ಮಾರಿದ ಪಟ್ಟಿ (ಬಿಲ್ಲು) ಯಾರ ಹೆಸರಲ್ಲಿ ಆಗಿದೆ ಅಂತ ವಿಚಾರಿಸಿದೆವು. ಪಟ್ಟಿ ಅಳಿಯನ ಹೆಸರಲ್ಲೇ ಇತ್ತು, ಎರಡು ವರ್ಷದ್ದು. ಬೆಳೆ ವಿಮೆ ದುಡ್ಡೂ ಅವನ ಖಾತೆಗೇ ಬಿದ್ದಿತ್ತು. ಪಾಟೀಸವಾಲಿನಲ್ಲಿ ಇವನ್ನು ಮುಂದೆ ಇಟ್ಟಾಗ ಕೂಲಿ ಅನ್ನುವ ಮಾತು ನಿಂತಿತು.

ಕೋರ್ಟ್ ರಸ್ತೆ

ಅಣ್ಣಾರೆ, ಬಹಳ ಒಳ್ಳೆಯ ಮಾತು ತೆಗೆದಿರಿ. ಆ 2020ರ ತೀರ್ಪಿನಲ್ಲಿ ಅಫಿಡವಿಟ್ ನಮೂನೆ ಒಂದೇ ಇಲ್ಲ. ನೌಕರಿ, ವ್ಯಾಪಾರ ಇದ್ದವರಿಗೆ ಒಂದು. ಒಕ್ಕಲುತನದವರಿಗೆ ಬೇರೆ. ಮೇಘಾಲಯಕ್ಕೆ ಇನ್ನೊಂದು. ಒಕ್ಕಲುತನದ ನಮೂನೆಯಲ್ಲಿ ಜಮೀನು ಎಷ್ಟು, ಎಲ್ಲಿದೆ, ನೀರಾವರಿಯೋ ಖುಷ್ಕಿಯೋ, ಯಾವ ಬೆಳೆ, ಮೂರು ವರ್ಷದಿಂದ ಎಷ್ಟು ಬಂತು, ಲಾವಣಿಗೆ (ಗುತ್ತಿಗೆಗೆ) ಮಾಡುತ್ತೀರಾ, ದನಕರು, ಹೈನು, ಸಾಲ ಎಲ್ಲ ಕೇಳುತ್ತಾರೆ.

ನಮ್ಮ ಕಡೆ ಎಷ್ಟೋ ಸಲ ರೈತರ ಕೇಸಿಗೂ ಪಟ್ಟಣದ ನಮೂನೆಯನ್ನೇ ತುಂಬಿ ಕೊಡುತ್ತಾರೆ. "ಸಂಬಳ: ಇಲ್ಲ" ಅಂತ ಬರೆದು ಮುಗಿಸುತ್ತಾರೆ. ಅದನ್ನು ಕಂಡರೆ ನಿಮ್ಮ ವಕೀಲರಿಗೆ ಹೇಳಿ ಆಕ್ಷೇಪಣೆ ಹಾಕಿಸಿ, ಸರಿಯಾದ ನಮೂನೆ ಕೇಳಿ. ಆಳಂದದ ಅಕ್ಕಾರೆ, ನಿಮ್ಮ ತಂಗಿಯ ಗಂಡನಿಗೆ ನೌಕರಿಯೂ ಇದೆ, ಹೊಲವೂ ಇದೆ. ಎರಡರ ವಿವರವೂ ಬರಬೇಕು.

ಕೂಲಿ ಅಂದರೂ ಕೈ ತೊಳೆದುಕೊಳ್ಳುವ ಹಾಗಿಲ್ಲ. ದುಡಿಯುವ ಶಕ್ತಿ ಇದ್ದರೆ ಮೈ ಬಗ್ಗಿಸಿ ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ 2022ರಲ್ಲಿ ಅಂಜು ಗರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿದೆ.

ಭೀಮಾ ತೀರ

ಅಫಜಲಪುರ ಕಡೆಯವನು. ತಂದೆಯ ಕಡೆಯಿಂದಲೂ ಒಂದು ಮಾತು ಕೇಳಿ.

ಮಗಳಿಗೆ ಎಂಟು ವರ್ಷ. ಕೋರ್ಟ್ ಹಾಕಿದ 7,000 ಒಂದು ತಿಂಗಳೂ ತಪ್ಪಿಸಿಲ್ಲ. ಆದರೆ ಮಗಳ ಮುಖ ನೋಡಲು ಬಿಡುತ್ತಿಲ್ಲ. ಹೋದರೆ "ಊರಿಗೆ ಹೋಗಿದ್ದಾಳೆ" ಅನ್ನುತ್ತಾರೆ. ನನ್ನ ಸಂಬಳ 26,000. ಅವ್ವನಿಗೆ ಡಯಾಲಿಸಿಸ್ ಶುರುವಾಗಿದೆ. ದುಡ್ಡು ನಿಲ್ಲಿಸಿದರೆ ಮಾತಿಗೆ ಬರುತ್ತಾರೆ ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಬೇಕು?

ಬೀದರ್ ಟೀಚರ್

ಅಣ್ಣಾ, ದಯವಿಟ್ಟು ನಿಲ್ಲಿಸಬೇಡಿ. ನೀವು ನಿಲ್ಲಿಸಿದರೆ ಆ ಮಗುವಿನ ಆಟೊ ನಿಲ್ಲುತ್ತದೆ, ಟ್ಯೂಷನ್ ನಿಲ್ಲುತ್ತದೆ. ಅವಳಿಗೆ ಗೊತ್ತಾಗುವುದು ಅಷ್ಟೇ. ಮಗುವನ್ನು ಅಪ್ಪನಿಗೆ ತೋರಿಸದೇ ಇರುವುದೂ ತಪ್ಪೇ. ಒಬ್ಬ ತಾಯಿಯಾಗಿ ಹೇಳುತ್ತೇನೆ, ನನ್ನ ಮಗ ತಿಂಗಳಿಗೆ ಎರಡು ಭಾನುವಾರ ಅವರಪ್ಪನ ಜೊತೆ ಇರುತ್ತಾನೆ. ನಮ್ಮಿಬ್ಬರ ಜಗಳ ಅವನದಲ್ಲ.

ಕೋರ್ಟ್ ರಸ್ತೆ

ಭೀಮಾ ತೀರ ಅಣ್ಣಾರೆ, ನಿಮ್ಮ ಮನಸ್ಸು ಹೇಳಿದ್ದೇ ಸರಿ. ಕಾನೂನಿನಲ್ಲಿ ದುಡ್ಡು ಬೇರೆ, ಭೇಟಿ ಬೇರೆ. ತೋರಿಸಲಿಲ್ಲ ಅಂತ ದುಡ್ಡು ನಿಲ್ಲಿಸುವ ಹಾಗಿಲ್ಲ, ದುಡ್ಡು ಬರಲಿಲ್ಲ ಅಂತ ಮಗುವನ್ನು ತಡೆಯುವ ಹಾಗೂ ಇಲ್ಲ.

ನೀವು ಎರಡು ಅರ್ಜಿ ಹಾಕಬಹುದು. ಒಂದು ಭೇಟಿಗೆ. ಡೈವೋರ್ಸ್ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಅಲ್ಲೇ ಕೇಳಬಹುದು. ಇಲ್ಲವಾದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಇದೆ. ವಾರ, ಹೊತ್ತು, ಜಾಗ ಆದೇಶದಲ್ಲೇ ಬರೆಸಿಕೊಳ್ಳಿ, ಬಾಯಿ ಮಾತು ಬೇಡ.

ಎರಡನೆಯದು ಮೊತ್ತದ್ದು. ಪರಿಸ್ಥಿತಿ ನಿಜವಾಗಿ ಬದಲಾಗಿದ್ದರೆ ಹೊಸ ಸಂಹಿತೆಯ 146ನೇ ಕಲಂ ಅಡಿ ಕಮ್ಮಿ ಮಾಡಲು ಕೇಳಬಹುದು. ಹಳೆಯ 127 ಅದು. ಅವ್ವನ ಡಯಾಲಿಸಿಸ್ ಕಾಗದ ಎಲ್ಲ ಇಡಿ. ಇದೇ ಕಲಂ ತಾಯಂದಿರಿಗೂ ಬರುತ್ತದೆ. ಮಗು ದೊಡ್ಡ ಕ್ಲಾಸಿಗೆ ಹೋಯಿತು, ಫೀ ಜಾಸ್ತಿ ಆಯಿತು ಅಂದರೆ ಹೆಚ್ಚು ಮಾಡಿ ಅಂತ ಕೇಳಬಹುದು. ಆದರೆ ಆದೇಶ ಬದಲಾಗುವವರೆಗೆ ಹಳೆಯ ಮೊತ್ತ ಕಟ್ಟುತ್ತಲೇ ಇರಬೇಕು. ಕೈಯಲ್ಲಿ ಕೊಡಬೇಡಿ, ಬ್ಯಾಂಕ್ ಖಾತೆಗೇ ಹಾಕಿ.

ಒಂದು ಎಚ್ಚರ. ಬೈಕ್ ಸಾಲ, ಪರ್ಸನಲ್ ಲೋನ್ ಕಂತು ಕಟ್ಟುತ್ತೇನೆ, ಕೈಗೆ ಎಂಟು ಸಾವಿರವೇ ಉಳಿಯುತ್ತದೆ ಅನ್ನುವ ವಾದ ಸಾಮಾನ್ಯವಾಗಿ ನಡೆಯುವುದಿಲ್ಲ. ತೆರಿಗೆಯಂಥ ಕಡ್ಡಾಯ ಕಡಿತವನ್ನು ಕೋರ್ಟ್ ಬಿಡುತ್ತದೆ, ತಾನಾಗಿ ಮಾಡಿಕೊಂಡ ಸಾಲವನ್ನು ಮಗುವಿನ ಊಟಕ್ಕಿಂತ ಮುಂದೆ ಇಡುವುದಿಲ್ಲ.

ಶಹಾಪುರದವಳು

ಅಸ್ಸಲಾಮು ಅಲೈಕುಮ್, ನಮಸ್ಕಾರ. ನಾವು ಮುಸಲ್ಮಾನರು. ಯಾದಗಿರಿ ಜಿಲ್ಲೆ. ಗಂಡ ತಲಾಖ್ ಕೊಟ್ಟು ಮುಂಬೈಗೆ ಹೋದರು, ಅಲ್ಲಿ ಟೈಲ್ಸ್ ಕೆಲಸ. ಮೂರು ಮಕ್ಕಳು ನನ್ನ ಹತ್ತಿರ. ಇದ್ದತ್ (ತಲಾಖ್ ಆದಮೇಲೆ ಕಾಯುವ ಅವಧಿ) ಮುಗಿದ ಮೇಲೆ ಏನೂ ಇಲ್ಲ, ಮಕ್ಕಳಿಗೆ ಎರಡು ವರ್ಷದ ತನಕ ಮಾತ್ರ ಅಂತ ಅವರ ಕಡೆಯವರು ಹೇಳುತ್ತಾರೆ. ಕೇಸು ಹಾಕಿದರೆ ಮುಂಬೈಗೇ ಹೋಗಬೇಕು ಅಂತಾನೂ ಹೆದರಿಸುತ್ತಾರೆ.

ಕೋರ್ಟ್ ರಸ್ತೆ

ಅಕ್ಕಾ, ಇವೆರಡೂ ತಪ್ಪು ಮಾತು. ಧೈರ್ಯವಾಗಿರಿ.

144 ಎಲ್ಲ ಧರ್ಮದವರಿಗೂ ಒಂದೇ. ಮಕ್ಕಳ ವಿಷಯ 1997ರಲ್ಲೇ ನೂರ್ ಸಬಾ ಖಾತೂನ್ ಕೇಸಿನಲ್ಲಿ ತೀರ್ಮಾನ ಆಗಿದೆ. ತಾಯಿಗೆ ತಲಾಖ್ ಆಗಿದ್ದರೂ ಮಕ್ಕಳು ದೊಡ್ಡವರಾಗುವವರೆಗೆ, ಹೆಣ್ಣುಮಕ್ಕಳಿಗೆ ಮದುವೆ ಆಗುವವರೆಗೆ ತಂದೆ ಸಾಕಬೇಕು. ಆ ಎರಡು ವರ್ಷದ ಮಾತು ತಲಾಖ್ ಆದ ಮುಸ್ಲಿಂ ಮಹಿಳೆಯರ 1986ರ ಕಾಯ್ದೆಯಲ್ಲಿ ಕೂಸನ್ನು ನೋಡಿಕೊಳ್ಳುವ ತಾಯಿಗೆ ಸಂಬಂಧಪಟ್ಟದ್ದು. ಮಕ್ಕಳ ಸ್ವಂತ ಹಕ್ಕನ್ನು ಅದು ಮುಟ್ಟುವುದಿಲ್ಲ ಅಂತ ಆ ತೀರ್ಪು ಬಿಡಿಸಿ ಹೇಳಿದೆ. ನಿಮಗೂ ಹಕ್ಕಿದೆ. ತಲಾಖ್ ಆದ ಹೆಣ್ಣುಮಗಳೂ 125ರಲ್ಲಿ ಕೇಳಬಹುದು ಅಂತ 2024ರ ಜುಲೈ 10ರಂದು ಮೊಹಮ್ಮದ್ ಅಬ್ದುಲ್ ಸಮದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ತೆಲಂಗಾಣದ ಕೇಸು.

ಮುಂಬೈಗೆ ಹೋಗಬೇಕಾಗಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ನಮ್ಮ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಅಂತ ದುಡಿಯಲು ಹೋಗುವವರೇ ಜಾಸ್ತಿ ಅಲ್ವಾ. ಅವರು ಎಲ್ಲೇ ಇದ್ದರೂ ನೋಟಿಸ್ ಇಲ್ಲಿಂದಲೇ ಹೋಗುತ್ತದೆ. ಕೆಲಸದ ವಿಳಾಸ, ಫೋನ್ ನಂಬರ್, ಕಾಂಟ್ರಾಕ್ಟರ್ ಯಾರು ಅನ್ನೋದು ಎಷ್ಟು ಸಿಗುತ್ತದೋ ಅಷ್ಟು ಬರೆದಿಡಿ. ಫ್ಯಾಮಿಲಿ ಕೋರ್ಟ್ ಇದ್ದ ಕಡೆ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 144 ಅರ್ಜಿ ಹೋಗುತ್ತದೆ. ನೋಟಿಸ್ ಮುಟ್ಟಿದ ಮೇಲೆ ಮಧ್ಯಂತರ ಅರ್ಜಿಯನ್ನು ಸಾಧ್ಯವಾದಷ್ಟು 60 ದಿನದೊಳಗೆ ಮುಗಿಸಬೇಕು ಅಂತ ಕಲಂನಲ್ಲೇ ಇದೆ; ಮೇಲೆ ಹೇಳಿದ ನಾಲ್ಕರಿಂದ ಆರು ತಿಂಗಳು ಸುಪ್ರೀಂ ಕೋರ್ಟ್ ಮಾರ್ಗಸೂಚಿಯ ಗಡುವು.

ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿದೆ. ಜಿಲ್ಲಾ ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಇರುತ್ತದೆ, ತಾಲೂಕಿನಲ್ಲೂ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ನಿಕಾಹ್‌ನಾಮಾ ಇಟ್ಟುಕೊಂಡು ಹೋಗಿ.

ಶಹಾಪುರದವಳು

ಅಣ್ಣಾ, ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಸೋಮವಾರವೇ ಹೋಗುತ್ತೇನೆ. ನಿಕಾಹ್‌ನಾಮಾ ಅವರ ಮನೆಯಲ್ಲೇ ಉಳಿದಿದೆ, ಪರವಾಗಿಲ್ಲವಾ?

ಕೋರ್ಟ್ ರಸ್ತೆ

ಪರವಾಗಿಲ್ಲ. ಮದುವೆಯ ಫೋಟೊ, ರೇಷನ್ ಕಾರ್ಡು, ಮಕ್ಕಳ ಶಾಲೆ ದಾಖಲೆಯಲ್ಲಿ ತಂದೆಯ ಹೆಸರು ಇವೂ ನಡೆಯುತ್ತವೆ. ನಕಲು ಬೇಕಾದರೆ ಆಮೇಲೆ ತೆಗೆಸೋಣ.

ಡಲ್ಲಾಸ್‌ನಲ್ಲಿ ಬೀದರ್‌ನವ

ಬಸವಕಲ್ಯಾಣದವನು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಆಳಂದದ ಅಕ್ಕ ಕೇಳಿದ ರೇಟಿನ ಪಟ್ಟಿ ಇಲ್ಲಿ ಇದೆ. ಟೆಕ್ಸಾಸ್‌ನಲ್ಲಿ ಕೊಡುವವರ ನಿವ್ವಳ ಆದಾಯದಲ್ಲಿ ಒಂದು ಮಗುವಿಗೆ ಶೇಕಡಾ 20, ಇಬ್ಬರಿಗೆ 25, ಮೂವರಿಗೆ 30. ಈ ಲೆಕ್ಕ ತಿಂಗಳ ಆದಾಯದ ಒಂದು ಮಿತಿಯವರೆಗೆ ಮಾತ್ರ. ಆ ಮಿತಿ 9,200 ಡಾಲರ್ ಇತ್ತು, 2025ರ ಸೆಪ್ಟೆಂಬರ್ 1ರಿಂದ 11,700 ಆಗಿದೆ. ಹೆಚ್ಚಿನ ರಾಜ್ಯಗಳಲ್ಲಿ ತಂದೆ ತಾಯಿ ಇಬ್ಬರ ಆದಾಯವನ್ನೂ ಕೂಡಿಸಿ ಹಂಚುವ ಪದ್ಧತಿ. ಯಾವ ರಾಜ್ಯವೇ ಆಗಲಿ ನಾಲ್ಕು ವರ್ಷಕ್ಕೊಮ್ಮೆ ಮಾರ್ಗಸೂಚಿಯನ್ನು ಮರುಪರಿಶೀಲನೆ ಮಾಡಲೇಬೇಕು ಅಂತ ಇಲ್ಲಿನ ಕೇಂದ್ರ ಕಾನೂನು ಇದೆ.

ನಮ್ಮಲ್ಲೂ ಹಾಗೆ ಮಾಡಿದರೆ ಜನಕ್ಕೆ ಅಲೆದಾಟ ಎಷ್ಟು ತಪ್ಪುತ್ತದೆ!

ಸೇಡಂ ರೋಡ್

ಹೌದಲ್ವಾ, ನಮ್ಮಲ್ಲೂ ಪಟ್ಟಿ ಮಾಡಲಿ.

ತೊಗರಿ ಹೊಲ

ಸಂಬಳದವರಿಗೆ ಪಟ್ಟಿ ಸರಿ ಅಣ್ಣಾ. ಮಳೆ ಬಂದರೆ ಒಂದು ಲೆಕ್ಕ, ಬರದಿದ್ದರೆ ಒಂದು ಲೆಕ್ಕ ಇರುವ ನಮ್ಮ ಒಕ್ಕಲುತನಕ್ಕೆ ಶೇಕಡಾ ಇಷ್ಟು ಅಂತ ಹೇಗೆ ಹಾಕುತ್ತಾರೆ? ಒಂದು ವರ್ಷ ನೆಟೆರೋಗ ಬಂದು ತೊಗರಿ ಪೂರ್ತಿ ಒಣಗಿತು. ಆ ವರ್ಷವೂ ಮಕ್ಕಳ ಹೊಟ್ಟೆ ಕೇಳುತ್ತದೆ. ನನ್ನ ಪ್ರಕಾರ ಕನಿಷ್ಠ ಇಷ್ಟು ಅಂತ ಒಂದು ಮೊತ್ತ ನಿಗದಿ ಮಾಡಬೇಕು. ಅದರ ಮೇಲೆ ಜಡ್ಜ್ ನೋಡಿ ಹಾಕಲಿ.

ಬೀದರ್ ಟೀಚರ್

ಇದು ನನಗೂ ಸರಿ ಅನಿಸುತ್ತದೆ. ಜೊತೆಗೆ ವರ್ಷ ವರ್ಷ ತಾನಾಗಿ ಹೆಚ್ಚಾಗುವ ಹಾಗೆ ಇರಬೇಕು. ನನ್ನ ಆದೇಶ ಬಂದಾಗ ಮಗ ಮೂರನೇ ಕ್ಲಾಸ್. ಈಗ ಐದನೇ ಕ್ಲಾಸ್, ಮೊತ್ತ ಅದೇ.

ಕೋರ್ಟ್ ರಸ್ತೆ

ಮೇಡಂ, ಅದನ್ನು ಆದೇಶದಲ್ಲೇ ಕೇಳಬಹುದು. 2025ರ ಮೇ ತಿಂಗಳಲ್ಲಿ ರಾಖಿ ಸಾಧುಖಾನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಗೆ ತಿಂಗಳಿಗೆ 50,000 ಹಾಕಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಾಗಬೇಕು ಅಂತ ಬರೆಯಿತು. ಮಕ್ಕಳ ಮೊತ್ತಕ್ಕೂ ಹೀಗೇ ಹೆಚ್ಚಳ ಕೊಡಿ ಅಂತ ಅರ್ಜಿಯಲ್ಲೇ ಕೇಳಿ. ಒಪ್ಪಂದ ಮಾಡಿಕೊಳ್ಳುವವರು ಮೊದಲೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಸೇಡಂ ರೋಡ್

ಆದೇಶ ಆದಮೇಲೂ ಕೊಡದಿದ್ದರೆ? ನಮ್ಮ ಕಾಕಾನ ಮಗಳಿಗೆ ಆದೇಶ ಆಗಿ ಬಹಳ ದಿನ ಆಯಿತು, ಒಂದು ರೂಪಾಯಿ ಬಂದಿಲ್ಲ.

ಕೋರ್ಟ್ ರಸ್ತೆ

ಇದು ಎಲ್ಲರೂ ಗಮನವಿಟ್ಟು ಓದಬೇಕಾದ್ದು. ವಸೂಲಿಗೆ ಬೇರೆ ಅರ್ಜಿ ಹಾಕಬೇಕು, ತಾನಾಗಿ ಏನೂ ಆಗುವುದಿಲ್ಲ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಈ ಒಂದು ವರ್ಷದ ಗಡುವು ಗೊತ್ತಿಲ್ಲದೆ ಎಷ್ಟು ತಾಯಂದಿರು ಹಳೆಯ ಬಾಕಿಗೆ ವಾರಂಟ್ ಕೇಳುವ ಅವಕಾಶ ಕಳೆದುಕೊಂಡಿದ್ದಾರೋ! ನಿಮ್ಮ ತಂಗಿಗೆ ಇವತ್ತೇ ಫೋನ್ ಮಾಡಿ ಹೇಳಿ ಅಣ್ಣಾರೆ.

ಅರ್ಜಿ ಹಾಕಿದರೆ ವಸೂಲಿ ವಾರಂಟ್ ಹೊರಡುತ್ತದೆ. ಆಮೇಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಹಾಕಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅಂದುಕೊಂಡ ಗಂಡಸರಿದ್ದಾರೆ. ತೀರುವುದಿಲ್ಲ. 1989ರಲ್ಲೇ ಕುಲದೀಪ್ ಕೌರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಜೈಲು ವಸೂಲಿಗೆ ಒಂದು ದಾರಿ ಮಾತ್ರ, ಹಣ ಕೊಟ್ಟಾಗಲೇ ಸಾಲ ತೀರುವುದು. ಸಂಬಳದವನಾದರೆ ಸಿವಿಲ್ ಡಿಕ್ರಿ ಹಾಗೆ ಸಂಬಳ ಜಪ್ತಿಯೂ ಮಾಡಿಸಬಹುದು. ಬೇರೆ ಸಾಲಕ್ಕಿಂತ ಜೀವನಾಂಶಕ್ಕೆ ಇಲ್ಲಿ ಬಲ ಜಾಸ್ತಿ. ಸಂಬಳದ ಮೂರನೇ ಒಂದು ಭಾಗ ಮಾತ್ರ ಅವನಿಗೆ ಬಿಟ್ಟು ಉಳಿದದ್ದಕ್ಕೆ ಕೈ ಹಾಕಬಹುದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ.

ಕೆಳಗಿನ ಕೋರ್ಟಿನ ಆದೇಶ ಸರಿ ಅನಿಸದಿದ್ದರೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ನಮ್ಮ ಮೂರೂ ಜಿಲ್ಲೆಗೆ ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ.

ಆಳಂದದ ಅಕ್ಕ

ಎಲ್ಲರ ಮಾತೂ ತಂಗಿಗೆ ಓದಿ ಹೇಳಿದೆ. ಅವಳು ಎರಡು ಪ್ರಶ್ನೆ ಕೇಳಲು ಹೇಳಿದ್ದಾಳೆ. ಮೂರು ಲಕ್ಷ ತೆಗೆದುಕೊಂಡು ಮಕ್ಕಳಿಗೆ ಏನೂ ಬೇಡ ಅಂತ ಬರೆದುಕೊಟ್ಟರೆ ಅದೇ ಕೊನೆಯಾ? ಇನ್ನೊಂದು, ಅವಳಿಗೆ ಗೃಹಲಕ್ಷ್ಮಿ 2,000 ಬರುತ್ತದೆ. ಅದನ್ನು ತೋರಿಸಿ ಕಮ್ಮಿ ಮಾಡಿಸುತ್ತೇವೆ ಅಂತ ಅವರ ಕಡೆಯವರು ಹೇಳುತ್ತಿದ್ದಾರಂತೆ.

ಕೋರ್ಟ್ ರಸ್ತೆ

ಅಕ್ಕಾರೆ, ಮಕ್ಕಳ ಹಕ್ಕನ್ನು ತಾಯಿ ಬರೆದುಕೊಡಲು ಬರುವುದಿಲ್ಲ. ಅದು ಮಕ್ಕಳದು. ಹಾಗೆ ಬರೆಸಿಕೊಂಡ ಕಾಗದ ಇದ್ದರೂ ಮಕ್ಕಳ ಪರವಾಗಿ ಆಮೇಲೆ ಕೇಳಬಹುದು. ಆದರೆ ಮೊದಲು ಸಹಿ ಮಾಡಿ ಆಮೇಲೆ ಹೋರಾಡುವ ಬದಲು, ಈಗಲೇ ಸಹಿ ಮಾಡದೇ ಇರುವುದು ಒಳ್ಳೆಯದು. ಹಿರಿಯರಿಗೆ ಗೌರವ ಕೊಟ್ಟೇ ಹೇಳಿ: ನನ್ನದು ನಾನು ಬಿಟ್ಟುಕೊಡಬಹುದು, ಮಕ್ಕಳದು ಬಿಟ್ಟುಕೊಡುವ ಅಧಿಕಾರ ನನಗಿಲ್ಲ.

ಒಪ್ಪಿ ಬೇರೆಯಾಗುವುದಾದರೆ ಒಪ್ಪಂದದಲ್ಲಿ ಮಕ್ಕಳದು ಬೇರೆ ಬರೆಸಿ. ಮಗಳಿಗೆ ಎಷ್ಟು, ಮಗನಿಗೆ ಎಷ್ಟು, ಪ್ರತಿ ತಿಂಗಳು ಯಾವ ತಾರೀಖಿನೊಳಗೆ, ಶಾಲೆ ಫೀ ಯಾರು ಕಟ್ಟಬೇಕು, ಆಸ್ಪತ್ರೆ ಖರ್ಚು ದೊಡ್ಡದು ಬಂದರೆ ಹೇಗೆ. ಗಂಟಿನ ಹಣ ಕೊಡುವುದಾದರೆ ಮಕ್ಕಳ ಪಾಲನ್ನು ಅವರ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಿಸಿ. 2024ರ ಡಿಸೆಂಬರ್‌ನಲ್ಲಿ ಪ್ರವೀಣ್ ಕುಮಾರ್ ಜೈನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಗೆ 5 ಕೋಟಿ ಹಾಕಿ, ಮಗನಿಗೆ ಬೇರೆಯಾಗಿ 1 ಕೋಟಿ ಇಡಿಸಿತು. ಆ ಮಗ ಆಗಲೇ ಡಿಗ್ರಿ ಮುಗಿಸಿದ್ದ. ಮೊತ್ತ ನಮ್ಮ ಮನೆಗಳದ್ದಲ್ಲ, ಆದರೆ ಬೇರೆ ಇಡುವ ರೀತಿ ನಮಗೂ ಬರುತ್ತದೆ.

ಇನ್ನೊಂದು ಲೆಕ್ಕ ಹಾಕಿ ನೋಡಿ. ಮಗನಿಗೆ ಹದಿನೆಂಟು ತುಂಬಲು ಹನ್ನೆರಡು ವರ್ಷ ಇದೆ ಅಂದುಕೊಳ್ಳಿ. ಮೂರು ಲಕ್ಷವನ್ನು ಆ 144 ತಿಂಗಳಿಗೆ ಹಂಚಿದರೆ ತಿಂಗಳಿಗೆ 2,083 ರೂಪಾಯಿ. ಮೂರು ಜನಕ್ಕೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಹಿರಿಯರ ಮುಂದೆ ಇಡಿ.

ಮಗಳ ವಿಷಯ ಬೇರೆ ಇದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂನಲ್ಲಿ, ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗಳನ್ನು ಮದುವೆ ಆಗುವವರೆಗೆ ನೋಡಿಕೊಳ್ಳಬೇಕು ಅಂತ ಇದೆ. 144ರಲ್ಲಿ ಹದಿನೆಂಟಕ್ಕೆ ನಿಂತರೂ ಈ ದಾರಿ ತೆರೆದಿರುತ್ತದೆ, 2020ರ ಅಭಿಲಾಷಾ ಕೇಸಿನಲ್ಲಿ ಇದೇ ತೀರ್ಮಾನ ಆಯಿತು.

ಗೃಹಲಕ್ಷ್ಮಿ ಹಣವನ್ನು ಅಫಿಡವಿಟ್‌ನಲ್ಲಿ ಬರೆಯಿರಿ, ಮುಚ್ಚಿಡಬೇಡಿ. ಬರೆಯದೆ ಸಿಕ್ಕಿಬಿದ್ದರೆ ನೀವು ಹೇಳಿದ ಬೇರೆ ಮಾತಿಗೂ ಬೆಲೆ ಇರುವುದಿಲ್ಲ. ಆದರೆ ಅದು ಸರ್ಕಾರ ಮನೆಯ ಯಜಮಾನಿಗೆ ಕೊಡುವ ಹಣ. ಅದನ್ನು ತೋರಿಸಿ ತಂದೆ ತನ್ನ ಜವಾಬ್ದಾರಿಯಿಂದ ಜಾರಿಕೊಳ್ಳಲು ಆಗುವುದಿಲ್ಲ.

ಬೀದರ್ ಟೀಚರ್

ಅಕ್ಕಾರೆ, ತಂಗಿಗೆ ಹೇಳಿ, ಇವತ್ತಿನಿಂದಲೇ ನೋಟ್‌ಬುಕ್ ಶುರು ಮಾಡಲಿ. ಇಬ್ಬರು ಮಕ್ಕಳಿಗೆ ಎರಡು ಬೇರೆ ಬೇರೆ. ಏಳನೇ ಕ್ಲಾಸಿನ ಹುಡುಗಿಗೆ ಪ್ಯಾಡ್ ಖರ್ಚೂ ಬರೆಯಿರಿ. ನಾಚಿಕೆ ಅಂತ ಎಲ್ಲರೂ ಬಿಡುತ್ತಾರೆ.

ಆಳಂದದ ಅಕ್ಕ

ಬರೆಸುತ್ತೇನೆ. ಗುರುವಾರ ಮತ್ತೆ ಹಿರಿಯರು ಕೂರುತ್ತಾರೆ. 144 ತಿಂಗಳ ಲೆಕ್ಕವನ್ನು ಮಗಳ ಕೈಯಲ್ಲೇ ಬರೆಸಿದ್ದೇವೆ. ಸರ್, ಅವರ ಫ್ಯಾಕ್ಟರಿಯ ಸಂಬಳದ ಚೀಟಿ ನಮ್ಮ ಹತ್ತಿರ ಇಲ್ಲ. ಅದನ್ನು ಕೋರ್ಟಿಂದ ತರಿಸಬಹುದಾ?

ಕೋರ್ಟ್ ರಸ್ತೆ

ತರಿಸಬಹುದು. ಅವರು ಅಫಿಡವಿಟ್‌ನಲ್ಲಿ ಸಂಬಳ ಕಮ್ಮಿ ತೋರಿಸಿದರೆ ದಾಖಲೆ ಹಾಜರು ಮಾಡಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಿಸಿ. ಕಾಂಟ್ರಾಕ್ಟರ್ ಹೆಸರು, ಪಿಎಫ್ ಕಡಿತ ಆಗುತ್ತಿದೆಯಾ, ಸಂಬಳ ಯಾವ ಬ್ಯಾಂಕಿಗೆ ಬರುತ್ತದೆ ಅಷ್ಟು ಗೊತ್ತಿದ್ದರೆ ಸಾಕು, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಬಹುದು. ತಂಗಿ ಒಟ್ಟಿಗೆ ಇದ್ದಾಗಿನ ಹಳೆಯ ಪಾಸ್‌ಬುಕ್ ಮನೆಯಲ್ಲಿ ಎಲ್ಲಾದರೂ ಇದೆಯಾ, ಹುಡುಕಿಸಿ.